ಆಲ್ಫ್ರೆಡ್ ಬ್ಯೂಖಿ

ಆಲ್ಫ್ರೆಡ್ ಬ್ಯೂಖಿ (ಜನನ: ಜುಲೈ 11, 1879, ಮರಣ: ಅಕ್ಟೋಬರ್ 27, 1959) ಸ್ವಿಟ್ಜರ್ಲೆಂಡಿನ ಯಂತ್ರಶಿಲ್ಪಿ ಮತ್ತು ಸಂಶೋಧಕರು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ಬಲದಿಂದಲೇ ಅದೇ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನವಾದ ಟರ್ಬೊಚಾರ್ಜರಿನ ಜನಕರೆಂದು ಇವರು ಪ್ರಸಿದ್ಧರು. 1905ರಲ್ಲಿ ಪೇಟೆಂಟ್ ಪಡೆದ ಈ ಕಲ್ಪನೆ ವಾಣಿಜ್ಯ ಬಳಕೆಗೆ ಬಂದದ್ದು ಇಪ್ಪತ್ತು ವರ್ಷಗಳ ಅನಂತರ. ಮಾರಾಟದ ಸಣ್ಣ ಕಾರುಗಳಿಗೆ ಇಳಿದದ್ದು ಅವರು ತೀರಿಕೊಂಡ ಮೇಲೆ. ಕಲ್ಪನೆ ಸರಿಯಾಗಿದ್ದರೂ ಅದನ್ನು ನಡೆಸಿ ತೋರಿಸಬಲ್ಲ ಲೋಹ, ಯಂತ್ರಕೌಶಲ ಮತ್ತು ಹಣ ಒಟ್ಟಿಗೆ ಕೂಡಿಬರದೆ ಕಾಯಬೇಕಾದುದೇ ಅವರ ಬದುಕಿನ ಮುಖ್ಯ ಕಥೆ. ತಮ್ಮ ಹಳೆಯ ಕಾರಿಗೆ ಟರ್ಬೊ ಜೋಡಿಸಬಹುದೇ, ಅದಕ್ಕೆ ಏನೇನು ಖರ್ಚು ಬಿದ್ದೀತು ಎಂದು ಇಂದು ವಿಚಾರಿಸುವವರು ಎದುರಿಸುವ ಲೆಕ್ಕವೂ ಮೂಲದಲ್ಲಿ ಅದೇ ಆದುದರಿಂದ ಲೇಖನದ ಕೊನೆಯ ಭಾಗದಲ್ಲಿ ಆ ವಿಷಯವನ್ನೂ ವಿವರಿಸಲಾಗಿದೆ.

ಇವರ ಮನೆತನದ ಹೆಸರನ್ನು ಸ್ವಿಟ್ಜರ್ಲೆಂಡಿನ ಜರ್ಮನ್ ನುಡಿಯಲ್ಲಿ ಬ್ಯೂಖಿ ಎಂಬುದಕ್ಕೆ ಸಮೀಪವಾಗಿ ಉಚ್ಚರಿಸುತ್ತಾರೆ. ಇಂಗ್ಲಿಷ್ ಮೂಲಕ ಓದಿದವರು ಬುಚಿ ಎಂದೂ ಬರೆಯುವುದುಂಟು.

ಜನನ ಮತ್ತು ಪರಿಸರ

ಬ್ಯೂಖಿಯವರು ಹುಟ್ಟಿದ ವಿಂಟರ್‌ಟೂರ್, ಜ್ಯೂರಿಕ್ ಪ್ರಾಂತಕ್ಕೆ ಸೇರಿದ ಒಂದು ಕೈಗಾರಿಕಾ ಪಟ್ಟಣ. 1834ರಲ್ಲಿ ಎರಕದ ಕಾರ್ಖಾನೆಯಾಗಿ ಆರಂಭವಾದ ಸುಲ್ಜರ್ ಸಹೋದರರ ಸಂಸ್ಥೆ ಅಲ್ಲಿಯದು. 1871ರಲ್ಲಿ ಸ್ಥಾಪನೆಯಾದ ಸ್ವಿಸ್ ಲೋಕೊಮೋಟಿವ್ ಮತ್ತು ಯಂತ್ರ ಕಾರ್ಖಾನೆಯೂ ಅಲ್ಲಿಯದೇ. ಬ್ಯೂಖಿಯವರ ತಂದೆ ಯೋಹಾನ್ ಬ್ಯೂಖಿಯವರು ಸುಲ್ಜರ್ ಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಕುಲುಮೆ, ಉಗಿಯಂತ್ರ, ಚರಕಿಯಂತ್ರಗಳ ಸದ್ದಿನ ನಡುವೆ ಬೆಳೆದ ಹುಡುಗ ಯಂತ್ರವಿದ್ಯೆಯ ಕಡೆಗೆ ತಿರುಗಿದುದರಲ್ಲಿ ಆಶ್ಚರ್ಯವಿಲ್ಲ.

ಒಂದು ಕಾಕತಾಳೀಯವನ್ನು ಇಲ್ಲಿ ನೆನೆಯಬಹುದು. ಬ್ಯೂಖಿಯವರು ಹುಟ್ಟಿದ 1879ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಯೊಬ್ಬ ವಿಷಮಶೀತ ಜ್ವರದಿಂದ ಅಂತಿಮ ಪರೀಕ್ಷೆ ತಪ್ಪಿಸಿಕೊಂಡು, ಮುಂದಿನ ಪರೀಕ್ಷೆ ಬರುವವರೆಗೆ ಕೆಲಸ ಕಲಿಯಲೆಂದು ಇದೇ ವಿಂಟರ್‌ಟೂರಿನ ಸುಲ್ಜರ್ ಕಾರ್ಖಾನೆಗೆ ಬಂದಿದ್ದ. ಆತನ ಹೆಸರು ರುಡಾಲ್ಫ್ ಡೀಸೆಲ್. ಡೀಸೆಲ್ ಎಂಜಿನ್ನನ್ನು ಆರಂಭದಲ್ಲೇ ಕೈಗೆತ್ತಿಕೊಂಡ ಸಂಸ್ಥೆಗಳಲ್ಲಿ ಸುಲ್ಜರ್ ಒಂದು. ಅವರ ಮೊದಲ ಡೀಸೆಲ್ ಎಂಜಿನ್ 1898ರಲ್ಲಿ ಓಡಿತು. ಆಗ ಬ್ಯೂಖಿಯವರಿಗೆ ಹತ್ತೊಂಬತ್ತು ವರ್ಷ. ಮುಂದೆ ಅವರ ಹೆಸರು ಅಂಟಿಕೊಂಡದ್ದೂ ಆ ಎಂಜಿನ್ನಿಗೇ.

ಶಿಕ್ಷಣ

1899ರಲ್ಲಿ ಬ್ಯೂಖಿಯವರು ಜ್ಯೂರಿಕ್‌ನ ಫೆಡರಲ್ ಪಾಲಿಟೆಕ್ನಿಕ್‌ನಲ್ಲಿ ಯಂತ್ರಶಿಲ್ಪ ವಿಭಾಗಕ್ಕೆ ಸೇರಿ 1903ರಲ್ಲಿ ಪದವಿ ಪಡೆದರು. ಆಲ್ಬರ್ಟ್ ಐನ್‌ಸ್ಟೈನ್ ಅವರು 1900ರಲ್ಲಿ ಪದವಿ ಪಡೆದದ್ದು ಇದೇ ಸಂಸ್ಥೆಯಿಂದ. ವ್ಯಾಸಂಗದ ಬಳಿಕ ಬ್ಯೂಖಿಯವರು ಬೆಲ್ಜಿಯಂ ಮತ್ತು ಇಂಗ್ಲೆಂಡುಗಳಲ್ಲಿ ಕೆಲಕಾಲ ಕೆಲಸ ಮಾಡಿದರು. ಎಂಜಿನ್ನಿನ ಹೊಗೆಯೊಡನೆ ವ್ಯರ್ಥವಾಗಿ ಹೋಗುವ ಶಾಖದ ಪ್ರಶ್ನೆ ಅವರ ಮನಸ್ಸನ್ನು ಹಿಡಿದದ್ದು ಈ ವರ್ಷಗಳಲ್ಲಿ.

1905ರ ಪೇಟೆಂಟ್

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ದಂಡವನ್ನು ತಿರುಗಿಸುವ ಕೆಲಸವಾಗಿ ಕೈಗೆ ಬರುತ್ತದೆ. ಹೆಚ್ಚು ಕಡಿಮೆ ಅಷ್ಟೇ ಭಾಗವನ್ನು ತಂಪು ಮಾಡುವ ನೀರು ಹೀರಿಕೊಳ್ಳುತ್ತದೆ. ಇನ್ನುಳಿದದ್ದು ಹೊಗೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಇದು ಆ ಕಾಲದ ಯಂತ್ರಶಿಲ್ಪಿಗಳೆಲ್ಲರಿಗೂ ತಿಳಿದ ಸಂಗತಿಯೇ ಆಗಿತ್ತು. ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನವನ್ನು ಉರಿಸಿ ಹೆಚ್ಚು ಶಕ್ತಿ ಪಡೆಯಬಹುದೆಂಬುದೂ ಹೊಸ ಮಾತಲ್ಲ. ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಎಂಜಿನ್ನಿನಿಂದ ನಡೆಯುವ ಪಂಪಿನಿಂದ ಹೀಗೆ ತುಂಬುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಅಂಥ ಪಂಪು ತಾನು ನಡೆಯಲು ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತದೆ.

ಬ್ಯೂಖಿಯವರು ಈ ಎರಡು ಸಂಗತಿಗಳನ್ನು ಒಂದಕ್ಕೊಂದು ಕೂಡಿಸಿದರು. ಹೊರಹೋಗುವ ಹೊಗೆ ಒಂದು ಟರ್ಬೈನ್ ಚಕ್ರವನ್ನು ತಿರುಗಿಸಲಿ, ಆ ಚಕ್ರ ಗಾಳಿಯನ್ನು ಒತ್ತುವ ಕಂಪ್ರೆಸರನ್ನು ನಡೆಸಲಿ, ಒತ್ತಿದ ಗಾಳಿ ಮತ್ತೆ ಸಿಲಿಂಡರಿಗೆ ಹೋಗಲಿ ಎಂಬುದು ಅವರ ಯೋಜನೆ. ನಮ್ಮ ಆಲೆಮನೆಗಳಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ, ಆ ರಸ ಕಾಯಿಸುವ ಒಲೆಗೆ ಹಾಕುವುದನ್ನು ಕಂಡವರಿಗೆ ಇದರ ತರ್ಕ ಸುಲಭವಾಗಿ ತಿಳಿಯುತ್ತದೆ. ಸಂಕೋಚಕ ಟರ್ಬೈನ್, ಪಿಸ್ಟನ್ ಎಂಜಿನ್ ಮತ್ತು ಹೊಗೆಯ ಟರ್ಬೈನ್ ಇವು ಒಂದರ ಹಿಂದೊಂದಾಗಿ ಜೋಡಣೆಗೊಂಡ ದಹನಯಂತ್ರಕ್ಕೆ ಜರ್ಮನ್ ಸಾಮ್ರಾಜ್ಯದ ಪೇಟೆಂಟ್ ಕಚೇರಿ 1905ರ ನವೆಂಬರ್ 16ರಿಂದ ಜಾರಿಯಾಗುವಂತೆ 204630 ಸಂಖ್ಯೆಯ ಪೇಟೆಂಟ್ ನೀಡಿತು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಕಾಯುವಿಕೆಯ ವರ್ಷಗಳು

1909ರ ವೇಳೆಗೆ ಬ್ಯೂಖಿಯವರು ಊರಿಗೆ ಮರಳಿ ಸುಲ್ಜರ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ಡೀಸೆಲ್ ಎಂಜಿನ್ನುಗಳ ಮೇಲೆ ಪ್ರಯೋಗಗಳನ್ನು ಆರಂಭಿಸಿದರು. ಮುಂದಿನ ಒಂದೂವರೆ ದಶಕ ನಿರಾಶೆಯ ಕಾಲವೆಂದೇ ಹೇಳಬೇಕು. 1915ರ ಹೊತ್ತಿಗೆ ಸಿದ್ಧವಾದ ಮಾದರಿ ನಂಬಿಕೆಗೆ ಅರ್ಹವಾಗಿ ನಡೆಯಲಿಲ್ಲ. ಟರ್ಬೈನ್ ತಯಾರಿಕೆಯಲ್ಲಿ ಹೆಸರಾಗಿದ್ದ ಬಾಡೆನ್ ಪಟ್ಟಣದ ಬ್ರೌನ್ ಬೊವೆರಿ ಕಂಪನಿಯ ಮುಂದೆ ಅವರು ತಮ್ಮ ಯೋಜನೆಯನ್ನಿಟ್ಟರೂ ಸಹಕಾರ ಕೂಡಿಬರಲು 1920ರ ದಶಕದವರೆಗೆ ಕಾಯಬೇಕಾಯಿತು.

ವಿಫಲತೆಗೆ ಕಾರಣಗಳೇನೆಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಏಕೆಂದರೆ ಅವು ವ್ಯಕ್ತಿಯ ದೋಷಗಳಲ್ಲ, ಕಾಲದ ಮಿತಿಗಳು.

ಹೊಗೆಯ ದಾರಿಯಲ್ಲಿ ಟರ್ಬೈನನ್ನು ಇಟ್ಟೊಡನೆ ಅದು ಹೊಗೆಗೆ ಅಡ್ಡಿಯಾಗುತ್ತದೆ. ಪಿಸ್ಟನ್ ಹೊಗೆಯನ್ನು ಹೊರದೂಡಲು ಹೆಚ್ಚು ಶ್ರಮಪಡಬೇಕಾಗುತ್ತದೆ. ಈ ನಷ್ಟವನ್ನು ಮೀರಿ ಲಾಭ ಬರಬೇಕಾದರೆ ಟರ್ಬೈನ್ ಮತ್ತು ಕಂಪ್ರೆಸರ್ ಎರಡೂ ಚೆನ್ನಾಗಿ ಕೆಲಸ ಮಾಡಬೇಕು. ಎರಡರ ದಕ್ಷತೆ ಒಂದಕ್ಕೊಂದು ಗುಣಿಸಿಕೊಳ್ಳುವುದರಿಂದ ಲೆಕ್ಕ ಇನ್ನೂ ಕಠಿಣ: ಎರಡೂ ನೂರಕ್ಕೆ ಐವತ್ತರಷ್ಟು ದಕ್ಷವಾಗಿದ್ದರೆ ಕೂಡಿ ಕೈಗೆ ಬರುವುದು ಇಪ್ಪತ್ತೈದು ಮಾತ್ರ, ಎರಡೂ ಎಪ್ಪತ್ತಾದರೆ ನಲವತ್ತೊಂಬತ್ತು. ಆ ಕಾಲದ ಕಂಪ್ರೆಸರುಗಳು ಈ ಮಟ್ಟವನ್ನು ಮುಟ್ಟಿರಲಿಲ್ಲ. ಜೊತೆಗೆ ಕೆಂಪಗೆ ಕಾಯುವ ಹೊಗೆಯಲ್ಲಿ ಅತಿ ವೇಗವಾಗಿ ತಿರುಗುತ್ತ ಆಕಾರ ಕೆಡದೆ ಉಳಿಯುವ ಮಿಶ್ರಲೋಹಗಳು ಆಗ ಇರಲಿಲ್ಲ. ಟರ್ಬೈನಿನ ಒಂದು ತುದಿಯಲ್ಲಿ ಬೆಂಕಿಯ ಬಿಸಿ, ಇನ್ನೊಂದು ತುದಿಯಲ್ಲಿ ತಣ್ಣನೆಯ ಗಾಳಿ, ನಡುವೆ ಎಣ್ಣೆಯ ಬೇರಿಂಗು. ಈ ಎಣ್ಣೆ ಸುಟ್ಟು ಕರಕಾಗದಂತೆ ಕಾಪಾಡುವುದೇ ಒಂದು ವಿದ್ಯೆ.

ಈ ನಡುವೆ ಒಂದನೆಯ ಮಹಾಯುದ್ಧ ಆರಂಭವಾಯಿತು. ವಿಮಾನ ಮೇಲಕ್ಕೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಬಲಗುಂದುವುದು ಯುದ್ಧಕಾಲದ ದೊಡ್ಡ ಸಮಸ್ಯೆಯಾಯಿತು. ಫ್ರಾನ್ಸಿನಲ್ಲಿ ಓಗುಸ್ತ್ ರಾತೊ ವಿಮಾನದ ಎಂಜಿನ್ನಿಗೆ ಹೊಗೆಯ ಟರ್ಬೈನನ್ನು ಜೋಡಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಜಿನ್ನೊಂದನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 4,300 ಮೀಟರ್ ಎತ್ತರಕ್ಕೆ, ಸಾಗಿಸಿ ಅಲ್ಲಿ ಪರೀಕ್ಷಿಸಿದರು. ಟರ್ಬೊ ಇದ್ದಾಗ ಶಿಖರದ ಮೇಲೂ ಎಂಜಿನ್ ನೆಲಮಟ್ಟದ ಶಕ್ತಿಯನ್ನೇ ನೀಡಿತು. ಮೂಲ ಪೇಟೆಂಟ್ ಹೊಂದಿದ್ದ ಬ್ಯೂಖಿಯವರ ಕೆಲಸವಾದರೋ ನೆಲದ ಮೇಲೆಯೇ, ಭಾರದ ಡೀಸೆಲ್ ಎಂಜಿನ್ನುಗಳ ನಡುವೆಯೇ ಮುಂದುವರಿಯಿತು. ವಿಮಾನಕ್ಕೆ ಎತ್ತರದಲ್ಲಿ ಕಳೆದುಹೋದ ಶಕ್ತಿಯನ್ನು ಮರಳಿ ಪಡೆದರೆ ಸಾಕು, ಖರ್ಚಿನ ಗಣನೆ ಇಲ್ಲ. ಹಡಗಿನ ಮಾಲೀಕನಿಗಾದರೆ ಸಾಧನ ವರ್ಷಾನುಗಟ್ಟಲೆ ಕೆಡದೆ ನಡೆದು ತನ್ನ ಬೆಲೆಯನ್ನು ತಾನೇ ದುಡಿದುಕೊಡಬೇಕು. ಬ್ಯೂಖಿಯವರು ಆರಿಸಿಕೊಂಡದ್ದು ಕಷ್ಟದ ದಾರಿ.

ಎರಡು ಹಡಗುಗಳು

ಯಶಸ್ಸು ಬಂದದ್ದು 1925ರಲ್ಲಿ. ಜರ್ಮನಿಯ ಸಾರಿಗೆ ಸಚಿವಾಲಯ ಪೂರ್ವ ಪ್ರಷ್ಯಾದ ಸಮುದ್ರಮಾರ್ಗಕ್ಕಾಗಿ ಕಟ್ಟಿಸುತ್ತಿದ್ದ ಪ್ರಾಯ್ಸೆನ್ ಮತ್ತು ಹಾನ್ಸೆಷ್ಟಾಟ್ ಡಾನ್‌ಸಿಗ್ ಎಂಬ ಎರಡು ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳಿಗೆ ಟರ್ಬೊಚಾರ್ಜರ್ ಜೋಡಿಸಲಾಯಿತು. 1,750 ಅಶ್ವಶಕ್ತಿ ನೀಡುತ್ತಿದ್ದ ಎಂಜಿನ್ ಇದರಿಂದ 2,500 ಅಶ್ವಶಕ್ತಿಗೆ ಏರಿತು. ಅಂದರೆ ನೂರಕ್ಕೆ ನಲವತ್ತಕ್ಕೂ ಮಿಕ್ಕಿದ ಹೆಚ್ಚಳ. ಎಂಜಿನ್ನಿನ ಸಿಲಿಂಡರುಗಳ ಸಂಖ್ಯೆ, ಉದ್ದ, ಗಾತ್ರಗಳು ಇದ್ದಂತೆಯೇ ಇದ್ದವು. ಹಡಗಿನ ಒಡಲಿನಲ್ಲಿ ಎಂಜಿನ್ನಿಗೆ ಬಿಡುವ ಪ್ರತಿಯೊಂದು ಅಡಿ ಜಾಗವೂ ಸರಕು ಅಥವಾ ಪ್ರಯಾಣಿಕರಿಗೆ ತಪ್ಪಿದ ಜಾಗ ಎಂಬುದನ್ನು ನೆನೆದರೆ ಈ ಅಂಕಿಗಳ ಮಹತ್ವ ತಿಳಿಯುತ್ತದೆ.

ಆ ಹಡಗುಗಳ ಗತಿ ದುಃಖಕರವಾದುದು. ಎರಡನೆಯ ಮಹಾಯುದ್ಧದಲ್ಲಿ ಅವನ್ನು ಸಿಡಿಮದ್ದು ಹರಡುವ ಹಡಗುಗಳಾಗಿ ಬಳಸಲಾಯಿತು. 1941ರ ಜುಲೈ 9ರಂದು ಸ್ವೀಡನ್ನಿನ ಓಲಂಡ್ ದ್ವೀಪದ ಬಳಿ ಸ್ವೀಡನ್ ಹರಡಿದ್ದ ಸಿಡಿಮದ್ದಿನ ಕ್ಷೇತ್ರಕ್ಕೆ ಸಿಕ್ಕಿ ಎರಡೂ, ಟಾನೆನ್‌ಬೆರ್ಗ್ ಎಂಬ ಇನ್ನೊಂದರ ಜೊತೆಗೆ, ಒಂದೇ ದಿನ ಮುಳುಗಿದವು.

ಬ್ಯೂಖಿ ಪದ್ಧತಿ

1925ರಲ್ಲೇ ಬ್ಯೂಖಿಯವರು ತಮ್ಮ ಹೆಸರಿನಲ್ಲಿ ಮತ್ತೊಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಜನಸಾಮಾನ್ಯರಿಗೆ 1905ರ ಪೇಟೆಂಟೇ ಹೆಚ್ಚು ಪರಿಚಿತ. ಆದರೆ ಸಾಧನವನ್ನು ಬದುಕಿಸಿದ್ದು ಈ ಎರಡನೆಯದೆಂದರೆ ತಪ್ಪಾಗದು.

ಮೊದಲಿನ ಪ್ರಯತ್ನಗಳಲ್ಲಿ ಎಲ್ಲ ಸಿಲಿಂಡರುಗಳ ಹೊಗೆಯನ್ನೂ ಒಂದು ದೊಡ್ಡ ಕೊಳವೆಗೆ ಬಿಟ್ಟು, ಅಲ್ಲಿ ಅದು ಒಂದೇ ಸಮನಾದ ಒತ್ತಡಕ್ಕೆ ಬಂದ ಮೇಲೆ ಟರ್ಬೈನಿಗೆ ಕಳಿಸಲಾಗುತ್ತಿತ್ತು. ಕವಾಟ ತೆರೆದ ಕ್ಷಣದಲ್ಲಿ ಹೊಗೆ ಚಿಮ್ಮುವ ರಭಸ ಆ ದೊಡ್ಡ ಕೊಳವೆಯಲ್ಲಿ ಹರಡಿ ನಷ್ಟವಾಗುತ್ತಿತ್ತು. ಬ್ಯೂಖಿಯವರು ಇಕ್ಕಟ್ಟಾದ ಬೇರೆ ಬೇರೆ ಕೊಳವೆಗಳನ್ನಿಟ್ಟು ಪ್ರತಿಯೊಂದು ಚಿಮ್ಮುವಿಕೆಯನ್ನೂ ಅದರ ರಭಸ ಆರುವ ಮೊದಲೇ ಟರ್ಬೈನಿನ ಎಲೆಗಳಿಗೆ ತಾಗಿಸಿದರು. ಒಂದು ಸಿಲಿಂಡರಿನ ಚಿಮ್ಮುವಿಕೆ ಇನ್ನೊಂದರ ಹೊಗೆಗೆ ಅಡ್ಡ ಬರದಂತೆ, ಉರಿಯುವ ಸರದಿಯಲ್ಲಿ ದೂರ ದೂರವಿರುವ ಸಿಲಿಂಡರುಗಳನ್ನು ಮಾತ್ರ ಒಂದು ಕೊಳವೆಗೆ ಸೇರಿಸಿದರು. ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಮೊದಲ ಮೂರು ಒಂದು ಕೊಳವೆಗೆ, ಉಳಿದ ಮೂರು ಇನ್ನೊಂದಕ್ಕೆ.

ಎರಡು ಚಿಮ್ಮುವಿಕೆಗಳ ನಡುವೆ ಕೊಳವೆಯ ಒತ್ತಡ ತಗ್ಗುತ್ತದೆ. ಆ ಕ್ಷಣದಲ್ಲಿ ಒಳಗಾಳಿಯ ಕವಾಟ ಮತ್ತು ಹೊಗೆಯ ಕವಾಟ ಎರಡನ್ನೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿಟ್ಟರೆ, ಒತ್ತಡದಲ್ಲಿರುವ ತಾಜಾ ಗಾಳಿ ಸಿಲಿಂಡರಿನಲ್ಲಿ ಉಳಿದ ಹಳೆಯ ಹೊಗೆಯನ್ನು ಗುಡಿಸಿ ಹೊರಹಾಕುತ್ತದೆ; ಪಿಸ್ಟನ್ ಮತ್ತು ಕವಾಟಗಳನ್ನೂ ತಂಪು ಮಾಡುತ್ತದೆ. ಹೊಸ ಲೋಹ ಬೇಡ, ಹೊಸ ಇಂಧನ ಬೇಡ. ಕೊಳವೆಗಳ ಜೋಡಣೆ ಮತ್ತು ಕವಾಟಗಳ ಸಮಯ ಇವೆರಡನ್ನು ಬದಲಿಸಿ, ಮೊದಲು ಸೋಲುತ್ತಿದ್ದ ಲೆಕ್ಕವನ್ನು ಅವರು ಗೆಲ್ಲಿಸಿದರು. ಕೊಳವೆಗಳ ನಕ್ಷೆಯಷ್ಟೇ ಎಂದು ಇದನ್ನು ಕಡೆಗಣಿಸುವುದು ಸರಿಯಲ್ಲ.

ಸಿಂಡಿಕೇಟ್ ಮತ್ತು ಕೊನೆಯ ವರ್ಷಗಳು

1926ರಲ್ಲಿ ಬ್ರೌನ್ ಬೊವೆರಿ ಹಾಗೂ ಸ್ವಿಸ್ ಲೋಕೊಮೋಟಿವ್ ಕಾರ್ಖಾನೆಗಳೊಡನೆ ಕೂಡಿ ಬ್ಯೂಖಿ ಸಿಂಡಿಕೇಟ್ ಎಂಬ ಸಂಘಟನೆ ಏರ್ಪಟ್ಟಿತು. ಟರ್ಬೊಚಾರ್ಜರ್ ತಯಾರಿಸುವ ಹೊಣೆ ಬ್ರೌನ್ ಬೊವೆರಿಯದು. ಪ್ರಯೋಗಕ್ಕೆ ಡೀಸೆಲ್ ಎಂಜಿನ್ ಒದಗಿಸುವುದು ಲೋಕೊಮೋಟಿವ್ ಕಾರ್ಖಾನೆಯದು. ತಾಂತ್ರಿಕ ವಿನ್ಯಾಸ ಮತ್ತು ಗ್ರಾಹಕರೊಡನೆ ವ್ಯವಹಾರ ಬ್ಯೂಖಿಯವರದು. ಬೇರೆ ಬೇರೆ ದೇಶಗಳ ಎಂಜಿನ್ ತಯಾರಕರು ಪರವಾನಗಿ ಪಡೆದು ಹಡಗು, ರೈಲು ಮತ್ತು ವಿದ್ಯುದಾಗಾರಗಳ ಎಂಜಿನ್ನುಗಳಲ್ಲಿ ಈ ಪದ್ಧತಿಯನ್ನು ಅಳವಡಿಸಿಕೊಂಡರು. 1938ರಲ್ಲಿ ಸ್ವಿಟ್ಜರ್ಲೆಂಡಿನದೇ ಆದ ಸಾವ್ರರ್ ಕಂಪನಿ ಲಾರಿಯ ಡೀಸೆಲ್ ಎಂಜಿನ್ನಿಗೆ ಟರ್ಬೊ ತಂದಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಹಾರಿದ್ದು ಟರ್ಬೊ ಎಂಜಿನ್ನುಗಳಿಂದ.

1952ರ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯದಲ್ಲಿ ಕಮಿನ್ಸ್ ಕಂಪನಿಯ ಟರ್ಬೊ ಡೀಸೆಲ್ ಕಾರು ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿನ ಸ್ಥಾನ ಪಡೆದು ನೋಡುಗರನ್ನು ಬೆರಗುಗೊಳಿಸಿತು. ಆದರೆ ಪಂದ್ಯದ 71ನೆಯ ಸುತ್ತಿನಲ್ಲಿ ಟರ್ಬೊವಿನ ಗಾಳಿಬಾಯಿಗೆ ರಸ್ತೆಯ ಕಸ ಕಟ್ಟಿಕೊಂಡು ನಿಂತುಹೋಯಿತು. ಬ್ಯೂಖಿಯವರು ಬದುಕಿದ್ದಾಗ ಟರ್ಬೊ ಕಾರಿನ ಸಮೀಪಕ್ಕೆ ಬಂದದ್ದು ಇಷ್ಟೇ. 1959ರ ಅಕ್ಟೋಬರ್ 27ರಂದು ಅವರು ತಮ್ಮ ಹುಟ್ಟೂರಾದ ವಿಂಟರ್‌ಟೂರಿನಲ್ಲಿಯೇ, ತಮ್ಮ ಎಂಬತ್ತೊಂದನೆಯ ವಯಸ್ಸಿನ ನಡಿಗೆಯಲ್ಲಿ ನಿಧನರಾದರು.

ಭಾರತದಲ್ಲಿ ಈ ತಂತ್ರವನ್ನು ಜನ ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡದ್ದು, ಹೆಸರು ತಿಳಿಯದೆಯೇ, ರೈಲು ನಿಲ್ದಾಣಗಳಲ್ಲಿ. 1962ರಿಂದ ಬಳಕೆಗೆ ಬಂದು ಕರ್ನಾಟಕದ ಹಳಿಗಳ ಮೇಲೂ ದಶಕಗಳ ಕಾಲ ಓಡಿದ ಡಬ್ಲ್ಯುಡಿಎಂ-2 ಎಂಜಿನ್ನಿನ ಹದಿನಾರು ಸಿಲಿಂಡರಿನ ಡೀಸೆಲ್ ಯಂತ್ರ 2,600 ಅಶ್ವಶಕ್ತಿಯದು ಮತ್ತು ಟರ್ಬೊಚಾರ್ಜರ್ ಉಳ್ಳದ್ದು. ಗಾಡಿ ಹೊರಡುವಾಗ ಎಂಜಿನ್ನಿನ ಗುಡುಗಿನ ಮೇಲೆ ಏರುತ್ತ ಹೋಗುವ ಆ ಸಿಳ್ಳಿನಂಥ ದನಿ ಟರ್ಬೊವಿನದು.

ಸಣ್ಣ ಕಾರುಗಳಿಗೆ ಇಳಿದ ಬಗೆ

ಬ್ಯೂಖಿಯವರು ತೀರಿಕೊಂಡ ಮೂರು ವರ್ಷಗಳಿಗೆ, 1962ರಲ್ಲಿ, ಅಮೆರಿಕದ ಜನರಲ್ ಮೋಟರ್ಸ್ ಎರಡು ಟರ್ಬೊ ಕಾರುಗಳನ್ನು ಮಾರುಕಟ್ಟೆಗೆ ತಂದಿತು. ಎರಡೂ ಅಲ್ಲಿಯ ಅಳತೆಯಲ್ಲಿ ಸಣ್ಣ ಕಾರುಗಳು. ಷೆವ್ರೊಲೆ ಕಾರ್ವೇರ್ ಮೋನ್ಜಾ ಸ್ಪೈಡರ್ 150 ಅಶ್ವಶಕ್ತಿಯದು. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ 3.5 ಲೀಟರಿನ ಎಂಜಿನ್ನಿನಿಂದ 215 ಅಶ್ವಶಕ್ತಿ ನೀಡುತ್ತಿತ್ತು.

ಜೆಟ್‌ಫೈರಿನ ಕಥೆ ಎಚ್ಚರಿಕೆಯ ಪಾಠದಂತಿದೆ. ಪೆಟ್ರೋಲ್ ಎಂಜಿನ್ನಿಗೆ ಒತ್ತಿದ ಗಾಳಿ ತುಂಬಿದಾಗ ಒಳಗಿನ ಬಿಸಿ ಮತ್ತು ಒತ್ತಡ ಮಿತಿ ಮೀರಿ, ಕಿಡಿ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಉಳಿದ ಇಂಧನ ತಾನಾಗಿ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಎಂದು ಹೆಸರು. ಇದು ಪಿಸ್ಟನನ್ನು ಒಡೆಯಬಲ್ಲದು. ಡೀಸೆಲ್ ಎಂಜಿನ್ನಿಗೆ ಈ ತೊಡಕಿಲ್ಲ, ಏಕೆಂದರೆ ಅಲ್ಲಿ ಒತ್ತುವುದು ಬರಿಯ ಗಾಳಿಯನ್ನು. ಟರ್ಬೊ ಡೀಸೆಲ್ಲಿಗೆ ಬೇಗ ಒಗ್ಗಿ ಪೆಟ್ರೋಲಿಗೆ ತಡವಾಗಿ ಒಗ್ಗಿದ್ದು ಇದರಿಂದ. ಸಾಮಾನ್ಯ ಉಪಾಯವೆಂದರೆ ಎಂಜಿನ್ನಿನ ಸಂಪೀಡನ ಅನುಪಾತವನ್ನು ತಗ್ಗಿಸುವುದು. ಜೆಟ್‌ಫೈರಿನವರು ಅದನ್ನು 10.25ರಷ್ಟು ಮೇಲೆಯೇ ಉಳಿಸಿಕೊಂಡು, ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಳಗಾಳಿಗೆ ಸಿಂಪಡಿಸಿ ತಂಪು ಮಾಡುವ ಏರ್ಪಾಡು ಮಾಡಿದರು. ಆ ದ್ರವದ ಪಾತ್ರೆಯನ್ನು ಮಾಲೀಕರು ಆಗಾಗ ತುಂಬಬೇಕಿತ್ತು. ಬಹಳ ಮಂದಿ ತುಂಬಲಿಲ್ಲ. ದೂರುಗಳು ಬಂದವು. ಕೊನೆಗೆ ಟರ್ಬೊ ತೆಗೆದು ಸಾಮಾನ್ಯ ಕಾರ್ಬ್ಯುರೇಟರ್ ಕೂಡಿಸಿಕೊಂಡ ಜೆಟ್‌ಫೈರುಗಳೇ ಅನೇಕವಾದವು. ಎರಡು ವರ್ಷಗಳಲ್ಲಿ ಹತ್ತು ಸಾವಿರವನ್ನೂ ಮುಟ್ಟದೆ ತಯಾರಿಕೆ ನಿಂತಿತು.

1973ರಲ್ಲಿ ಬಂದ ಬಿಎಂಡಬ್ಲ್ಯೂ 2002 ಟರ್ಬೊ ಮತ್ತೊಂದು ಕೊನೆಗೆ ಹೋಯಿತು. ಅನುಪಾತವನ್ನು 6.9ಕ್ಕೆ ಇಳಿಸಿ 2 ಲೀಟರಿನಿಂದ 170 ಅಶ್ವಶಕ್ತಿ ಪಡೆಯಿತು. ಅಷ್ಟು ಇಳಿಸಿದ ಎಂಜಿನ್ ಟರ್ಬೊ ವೇಗ ಪಡೆಯುವವರೆಗೆ ಸಪ್ಪೆ. ಅನಂತರ ಒಮ್ಮೆಗೇ ನುಗ್ಗುತ್ತಿತ್ತು. ಅದೇ ವರ್ಷ ತೈಲದ ಬಿಕ್ಕಟ್ಟು ಬಂದು, 1,672 ಕಾರುಗಳಿಗೆ ಅದರ ಆಯುಸ್ಸು ಮುಗಿಯಿತು.

ಹಳೆಯ ಸಣ್ಣ ಕಾರಿಗೆ ಟರ್ಬೊ ಜೋಡಿಸಿ ಗೆದ್ದ ನಿಜವಾದ ಉದಾಹರಣೆ ಸ್ವೀಡನ್ನಿನ ಸಾಬ್ 99. ಆ ಕಾರು 1960ರ ದಶಕದ ಕೊನೆಯದು. ಒಂದು ದಶಕದ ಬಳಿಕ ಅದಕ್ಕೆ ಹೆಚ್ಚಿನ ಬಲ ಬೇಕಾಯಿತು. ಆರು ಅಥವಾ ಎಂಟು ಸಿಲಿಂಡರಿನ ಹೊಸ ಎಂಜಿನ್ ರೂಪಿಸುವ ಹಣ ಸಣ್ಣ ಕಂಪನಿಯಾದ ಸಾಬ್‌ಗೆ ಹೊರೆ. ಲಾರಿಗಳಿಗೆ ಟರ್ಬೊ ಡೀಸೆಲ್ ಮಾಡಿ ಅನುಭವವಿದ್ದ ಸ್ಕಾನಿಯಾ 1969ರಿಂದ ಸಾಬ್‌ನೊಡನೆ ಒಂದೇ ಸಂಸ್ಥೆಯಾಗಿತ್ತು. ಪೇರ್ ಗಿಲ್‌ಬ್ರಾಂಡ್ ಮತ್ತು ಅವರ ಸಂಗಡಿಗರು ಗರಿಷ್ಠ ಶಕ್ತಿಯ ಹಿಂದೆ ಬೀಳದೆ, ಚಿಕ್ಕದೊಂದು ಟರ್ಬೊವನ್ನು ಆರಿಸಿ, ಎಂಜಿನ್ನಿನ ಕಡಿಮೆ ಸುತ್ತುಗಳಲ್ಲೇ ಎಳೆತ ಸಿಗುವಂತೆ ಮಾಡಿದರು. ಹೆಚ್ಚಾದ ಹೊಗೆಯನ್ನು ಟರ್ಬೈನಿಗೆ ತಾಗಿಸದೆ ಪಕ್ಕದಿಂದ ಹೊರಬಿಡುವ ವೇಸ್ಟ್‌ಗೇಟ್ ಎಂಬ ಕಿಂಡಿಯಿಂದ ಒತ್ತಡಕ್ಕೆ ಮಿತಿ ಹಾಕಿದರು. 1977ರಲ್ಲಿ ಪ್ರದರ್ಶನಗೊಂಡ ಈ ಕಾರು 2 ಲೀಟರಿಗೆ 145 ಅಶ್ವಶಕ್ತಿ ನೀಡಿತು. ದಿನಬಳಕೆಗೆ ಒಗ್ಗಿದ ಟರ್ಬೊ ಪೆಟ್ರೋಲ್ ಕಾರು ಇದೇ ಮೊದಲು ಎನ್ನುವುದರಲ್ಲಿ ತಪ್ಪಿಲ್ಲ. 1978ರಲ್ಲಿ ಮರ್ಸಿಡಿಸ್ ಬೆಂಜ್ 300 ಎಸ್‌ಡಿ ಮೂಲಕ ಟರ್ಬೊ ಡೀಸೆಲ್ಲೂ ಮಾರಾಟದ ಕಾರಿಗೆ ಬಂದಿತು.

ಹಳೆಯ ಕಾರು ಮತ್ತು ಖರ್ಚಿನ ಲೆಕ್ಕ

ಕಾರ್ಖಾನೆ ಬಿಟ್ಟು ಮನೆಯ ಹಳೆಯ ಕಾರಿಗೆ ಬರುವುದಾದರೆ, ಸಾಧ್ಯವೇ ಎಂಬ ಪ್ರಶ್ನೆಗೆ ಸಾಧ್ಯ ಎಂಬುದೇ ಉತ್ತರ. ಲಾಭ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು, ಟರ್ಬೊ ಅದರ ಒತ್ತಡವನ್ನು ಒಂದೂವರೆ ಪಟ್ಟು ಮಾಡುತ್ತದೆಂದು ಇಟ್ಟುಕೊಳ್ಳೋಣ. ಸೈಕಲ್ ಪಂಪು ಹೊಡೆದಾಗ ಅದರ ತುದಿ ಕಾಯುವಂತೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಕಂಪ್ರೆಸರ್ ನೂರಕ್ಕೆ ಎಪ್ಪತ್ತರಷ್ಟು ದಕ್ಷವಾಗಿದ್ದರೆ ಗಾಳಿ ಸುಮಾರು 83 ಡಿಗ್ರಿಗೆ ಏರುತ್ತದೆ. ಬಿಸಿಗಾಳಿ ಹಿಗ್ಗುವುದರಿಂದ ಸಿಲಿಂಡರಿಗೆ ಸೇರುವ ಗಾಳಿ ನೂರಕ್ಕೆ ಐವತ್ತು ಹೆಚ್ಚಾಗುವ ಬದಲು ಇಪ್ಪತ್ತೆಂಟರಷ್ಟೇ ಹೆಚ್ಚಾಗುತ್ತದೆ. ನಡುವೆ ಇಂಟರ್‌ಕೂಲರ್ ಇಟ್ಟು 50 ಡಿಗ್ರಿಗೆ ತಣಿಸಿದರೆ ನಲವತ್ತರಷ್ಟು ಸಿಗುತ್ತದೆ. ಇದು 1925ರ ಹಡಗಿನ ಅಂಕಿಗೆ ಹತ್ತಿರ ಬರುವುದು ಸ್ವಾರಸ್ಯಕರ.

ಖರ್ಚಿನಲ್ಲಿ ಟರ್ಬೊ ಎಂಬ ಬಸವನಹುಳುವಿನಾಕಾರದ ವಸ್ತು ಅನೇಕ ವೇಳೆ ಚಿಕ್ಕ ಪಾಲು. ಗುಜರಿಯಿಂದ ಅಗ್ಗಕ್ಕೂ ದೊರೆತೀತು. ಅದನ್ನು ಕೂಡಿಸಲು ಹೊಸ ಹೊಗೆಕೊಳವೆಯನ್ನು ಆ ಎಂಜಿನ್ನಿಗೆಂದೇ ಬೆಸುಗೆ ಹಾಕಿಸಬೇಕು. ಬೇರಿಂಗಿಗೆ ಎಣ್ಣೆ ಹೋಗುವ ಮತ್ತು ಮರಳುವ ದಾರಿ ಬೇಕು. ಹೆಚ್ಚು ಗಾಳಿಗೆ ಹೆಚ್ಚು ಇಂಧನ ಬೇಕಾದುದರಿಂದ ಪಂಪು ಮತ್ತು ಇಂಜೆಕ್ಟರುಗಳು ಬದಲಾಗಬೇಕು. ಕಿಡಿಯ ಸಮಯವನ್ನು ಹೊಸದಾಗಿ ಹೊಂದಿಸಬೇಕು. ಕಾರ್ಬ್ಯುರೇಟರಿನ ಕಾರಾದರೆ ಈ ಹೊಂದಾಣಿಕೆ ಇನ್ನೂ ಕಷ್ಟ. ಅನಂತರ ಕ್ಲಚ್ಚು, ಗೇರುಪೆಟ್ಟಿಗೆ, ರೇಡಿಯೇಟರು, ಬ್ರೇಕುಗಳು ಹೊಸ ಬಲವನ್ನು ತಾಳುವವೇ ಎಂದು ನೋಡಬೇಕು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಪಿಸ್ಟನ್ ರಿಂಗುಗಳು ಸವೆದ ಎಂಜಿನ್ನಿಗೆ ಒತ್ತಡ ಹೇರಿದರೆ ಅದರ ಹಳೆಯ ದೌರ್ಬಲ್ಯಗಳೆಲ್ಲ ಒಮ್ಮೆಗೇ ಹೊರಬೀಳುತ್ತವೆ. ಆದ್ದರಿಂದ ಎಂಜಿನ್ನನ್ನು ಮೊದಲು ಬಿಚ್ಚಿ ದುರಸ್ತಿ ಮಾಡಿಸುವ ಖರ್ಚನ್ನೂ ಸೇರಿಸಲೇಬೇಕು. ಎಲ್ಲವನ್ನೂ ಕೂಡಿಸಿದಾಗ ಮೊತ್ತ ಆ ಕಾರಿನ ಮಾರುಕಟ್ಟೆಯ ಬೆಲೆಯನ್ನೇ ಮೀರುವುದು ಅಪರೂಪವಲ್ಲ. ಕಾರ್ಖಾನೆಯಲ್ಲೇ ಟರ್ಬೊ ಕೂಡಿಸಿದ ಕಾರನ್ನು ಕೊಳ್ಳುವುದು ಹೆಚ್ಚಿನವರಿಗೆ ಮೇಲು.

ಭಾರತದಲ್ಲಿ ಇದಕ್ಕೆ ಕಾನೂನಿನ ಮುಖವೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾಲೀಕರು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸುವುದು ಅಗತ್ಯ.

ಇಂದಿನ ಕಾರುಗಳಲ್ಲಿ ಬ್ಯೂಖಿ ಪದ್ಧತಿ

ಬ್ಯೂಖಿಯವರ 1925ರ ಪೇಟೆಂಟಿನ ಅವಧಿ ಮುಗಿದು ಬಹಳ ಕಾಲವಾಗಿದ್ದರೂ ಅದರ ಜೋಡಣೆ ಬಳಕೆಯಲ್ಲಿ ಉಳಿದಿದೆ. ಈಗಿನ ಅನೇಕ ಪೆಟ್ರೋಲ್ ಕಾರುಗಳಲ್ಲಿ ಟ್ವಿನ್ ಸ್ಕ್ರೋಲ್ ಎಂಬ ಹೆಸರಿನಿಂದ ಬರುವ ಟರ್ಬೊವಿನ ಒಡಲಲ್ಲಿ ಹೊಗೆಗೆ ಎರಡು ಬೇರೆ ಬೇರೆ ದಾರಿಗಳಿರುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ನು 1, 3, 4, 2 ಎಂಬ ಸರದಿಯಲ್ಲಿ ಉರಿಯುವುದರಿಂದ ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರುಗಳ ಹೊಗೆ ಒಂದು ದಾರಿಗೆ, ಎರಡನೆಯ ಮತ್ತು ಮೂರನೆಯವುಗಳದು ಇನ್ನೊಂದು ದಾರಿಗೆ ಹೋಗುತ್ತದೆ.